ಪಾದ್ರಿಮಡುವಿನಲ್ಲಿ ಹಾಲ್ವರ್‌ನ ಸರದಿ

ವೆಂಡಲ್ ಪ್ರಾಥರ್ ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಅವನನ್ನು ಬೈಯುವುದು ಬೇಕಾದಷ್ಟಿದೆ. ಕೆಟ್ಟವರು ಕೇಡು ಮಾಡಿದರೆ ಜಗಳವಾಡಬಹುದು. ಒಳ್ಳೆಯವರು ಕನಿಕರಪಟ್ಟು ಕೇಡು ಮಾಡಿದರೆ ಅವರಿಗೆ ಥ್ಯಾಂಕ್ಸ್ ಬೇರೆ ಹೇಳಬೇಕು. ಶಾಲೆಯ ಬಸ್ಸು ಓಡಿಸಿ, ಊರಿನ ಮಕ್ಕಳನ್ನೆಲ್ಲ ಗದರಿಸಿ ಬೆಳೆಸಿದ ನನ್ನಂಥವಳಿಗೂ ಆ ಭಾನುವಾರ ಬಾಯಿ ಕಟ್ಟಿಹೋಯಿತು.

ಚರ್ಚು ಮುಗಿಸಿ ಹೋಟೆಲಿನಲ್ಲಿ ಕುಳಿತಿದ್ದೆವು. ನಾನು, ನನ್ನ ಅಣ್ಣ ಹಾಲ್ವರ್, ಎದುರಿಗೆ ವೆಂಡಲ್ ಮತ್ತು ಟೊಯ್ವೊ. ವೆಂಡಲ್ ಹಿಂದೆ ಹಡಗು ಎಳೆಯುವ ಟಗ್ ದೋಣಿಯ ಕ್ಯಾಪ್ಟನ್ ಆಗಿದ್ದವನು. ದಡ ಸೇರಿ ಎಷ್ಟು ವರ್ಷವಾದರೂ ಎದುರಿಗಿದ್ದವರೆಲ್ಲ ತನ್ನ ದೋಣಿಯ ಆಳುಗಳೆಂದೇ ಅವನ ಎಣಿಕೆ. ಟೊಯ್ವೊ ಕಾಡಿನಲ್ಲಿ ಮರ ಕೊಯ್ಯುತ್ತಿದ್ದವನು. ಗರಗಸದ ಸದ್ದಿಗೆ ಅರ್ಧ ಕಿವಿ ಹೋಗಿದೆ, ಹಾಗಾಗಿ ಮೆಲ್ಲಗೆ ಮಾತಾಡುವುದು ಅವನಿಗೆ ಬರುವುದಿಲ್ಲ.

“ಹಾಲ್ವರ್, ನಾನೊಂದು ಯೋಚನೆ ಮಾಡಿದೀನಿ,” ಎಂದ ವೆಂಡಲ್. “ಈ ಸಲ ಪಾದ್ರಿಮಡೂಲಿ ಮೀನು ಹಿಡಿಯೋಕೆ ನೀನು ನೀರಿಗಿಳಿಯೋದು ಬೇಡ. ದಡದಲ್ಲಿ ಕೂತು ಬೆಂಕಿ ನೋಡ್ಕೋ, ಕಾಫಿ ಕಾಯ್ಸು. ನಮಗೂ ಬಿಸಿಬಿಸಿ ಕಾಫಿ ಸಿಗುತ್ತೆ, ನಿನಗೂ ತಾಪತ್ರಯ ಇರಲ್ಲ.”

“ಯಾಕೆ, ನನ್ನ ಸರದಿ ಏನಾಯ್ತು?”

“ಎಲ್ಲೂ ಹೋಗಿಲ್ಲ ಮಾರಾಯ. ಆದ್ರೆ ಹೋದ ವರ್ಷ ನೀನೇ ನೋಡಿದ್ಯಲ್ಲ. ಗಾಳಕ್ಕೆ ಒಂದೊಂದು ಗಂಟು ಹಾಕೋಕೂ ದಡಕ್ಕೆ ಹೋಗಿ ಕೂತ್ಕೋತಿದ್ದೆ. ನಿನ್ನ ಹಿಂದೆ ನಾವೆಲ್ಲ ಕೊಕ್ಕರೆ ಥರ ನಿಂತಿದ್ದಾಯ್ತು.”

“ಕೊಕ್ಕರೆ ಆದ್ರೂ ಮೀನು ಹಿಡಿಯುತ್ತಪ್ಪಾ!” ಎಂದು ಟೊಯ್ವೊ ಕೂಗಿದ. “ನೀನೇನು ಹಿಡಿದೆ ವೆಂಡಲ್, ಶೀತಾನಾ?”

ಇಡೀ ಹೋಟೆಲು ನಕ್ಕಿತು. ಹಾಲ್ವರ್ ನಗಲಿಲ್ಲ.

ಅವನ ಕೈ ನಡುಗತೊಡಗಿ ಮೂರನೆಯ ವರ್ಷ ಅದು. ಕೈ ಸುಮ್ಮನೆ ತೊಡೆಯ ಮೇಲಿದ್ದರೆ ಏನೂ ಇಲ್ಲ. ಸಣ್ಣದೇನನ್ನಾದರೂ ಹಿಡಿಯಹೋದರೆ ಸಾಕು, ಎರಡೂ ಕೈ ತಮ್ಮಷ್ಟಕ್ಕೆ ತಾವು ಕುಣಿಯುತ್ತವೆ. ಪ್ರಾಣಕ್ಕೇನೂ ಅಪಾಯವಿಲ್ಲ ಎಂದು ಡಾಕ್ಟರು ಹೇಳಿ ಮಾತ್ರೆ ಕೊಟ್ಟರು. ಅದನ್ನು ನುಂಗಿ ಹಗಲೆಲ್ಲ ತೂಕಡಿಸುವಂತಾಯಿತು, ಬಿಟ್ಟುಬಿಟ್ಟ. ದೋಣಿ ಕಟ್ಟುವ ಬಡಗಿ ಅವನು. ಮೊದಲು ಉಳಿ ಕೆಳಗಿಟ್ಟ. ಆಮೇಲೆ ಶನಿವಾರದ ಕುಣಿತಕ್ಕೆ ನುಡಿಸುತ್ತಿದ್ದ ಅಕಾರ್ಡಿಯನ್ ಪೆಟ್ಟಿಗೆ ಸೇರಿತು. ಗಡ್ಡ ಕೆರೆಯಲು ನಾನೇ ಬೇಕಾಯಿತು. ಒಂದೊಂದೇ ಬಿಡುತ್ತ ಬಂದವನಿಗೆ ಉಳಿದದ್ದು ಹೊಳೆಯೊಂದೇ. ಅದೂ ಹೋದರೆ ನನ್ನಣ್ಣ ಮಂಚ ಹಿಡಿಯುತ್ತಾನೆ ಎಂದು ನನಗೆ ಖಾತ್ರಿಯಿತ್ತು.

“ಒಂದು ಸುತ್ತು,” ಎಂದ ಹಾಲ್ವರ್. “ಮಡುವಿನ ತಲೆಯಿಂದ ಬಾಲದವರೆಗೆ ಒಂದೇ ಒಂದು ಸುತ್ತು. ಮಧ್ಯದಲ್ಲಿ ನಾನು ಸಾಲು ಬಿಟ್ಟು ದಡ ಹತ್ತಿದ್ರೆ, ಸಾಯೋವರೆಗೆ ನಿಮ್ಮ ಕಾಫಿ ಕಾಯಿಸ್ತೀನಿ. ಹತ್ತದೇ ಹೋದ್ರೆ ಈ ಮಾತನ್ನ ನೀನು ಇನ್ನೊಂದ್ಸಲ ಎತ್ತಬಾರದು.”

ವೆಂಡಲ್ ಕೈ ಚಾಚಿದ. “ಆಯ್ತು, ಕೈ ಕುಲುಕು.”

“ನೀನು ಹಿಡ್ಕೋ ಸಾಕು,” ಎಂದ ಹಾಲ್ವರ್. “ಕುಲುಕೋದು ತಾನಾಗೇ ಆಗುತ್ತೆ.”

ನಮ್ಮ ಡಕೆಟ್ ಹೊಳೆ ಒಲಿಂಪಿಕ್ ಬೆಟ್ಟದ ಮಂಜಿನಲ್ಲಿ ಹುಟ್ಟಿ, ಊರು ದಾಟಿದ್ದೇ ಉಪ್ಪುನೀರಿಗೆ ಬೀಳುತ್ತದೆ. ಶರತ್ಕಾಲದ ಮಳೆ ಶುರುವಾದರೆ ಸಾಲ್ಮನ್ ಮೀನುಗಳು ಸಮುದ್ರ ಬಿಟ್ಟು ಮೊಟ್ಟೆಯಿಡಲು ಹೊಳೆ ಹತ್ತುತ್ತವೆ. ಅವುಗಳ ಬೆನ್ನಿಗೇ, ಬೇಸಿಗೆಯೆಲ್ಲ ಕಡಲಲ್ಲಿ ಮೇದು ಕೊಬ್ಬಿದ ಟ್ರೌಟ್ ಬರುತ್ತದೆ. ದವಡೆಯ ಕೆಳಗೆ ಎರಡು ಕೆಂಪು ಗೀರಿರುವುದರಿಂದ ಅದಕ್ಕೆ ಕೆಂಗೊರಳು ಎನ್ನುತ್ತೇವೆ. ಸಾಲ್ಮನ್ನಿನದು ಮದುವೆಮನೆಯಾದರೆ ಕೆಂಗೊರಳು ಕರೆಯದೆ ಬಂದ ನೆಂಟ. ಸಾಲ್ಮನ್ ಜಲ್ಲಿಯಲ್ಲಿ ತೋಡಿದ ಗುಂಡಿಯಿಂದ ಉರುಳಿಬಂದ ಮೊಟ್ಟೆ ನುಂಗಲು ಹಿಂದೆ ಹೊಂಚುಹಾಕಿ ನಿಂತಿರುತ್ತದೆ. ಗರಿ ಸುತ್ತಿದ ಸುಳ್ಳುಹುಳವನ್ನು ಗಾಳಕ್ಕೆ ಕಟ್ಟಿ ಅದನ್ನು ಏಮಾರಿಸುವುದೇ ನಮ್ಮೂರಿನವರಿಗೆ ಅಕ್ಟೋಬರಿನ ಕೆಲಸ. ಹಿಡಿದ ಮೇಲೆ ಬಿಟ್ಟುಬಿಡುತ್ತೇವೆ. ಇದು ಹುಚ್ಚು ಎನ್ನುವವರು ನಮ್ಮ ಕಡೆ ಬರಬೇಕಾಗಿಲ್ಲ.

ಪಾದ್ರಿಮಡು ಊರಿಗೆ ಹತ್ತಿರದ ದೊಡ್ಡ ಮಡು. ಯಾವುದೋ ಕಾಲದ ಪಾದ್ರಿಯೊಬ್ಬರು ಅಲ್ಲಿ ಜಾರಿಬಿದ್ದು, ಭಕ್ತರ ಎದುರಿನಲ್ಲೇ ಆಡಬಾರದ ಮಾತಾಡಿದರಂತೆ. ಅಲ್ಲಿ ಯಾರೂ ಜಾಗ ಹಿಡಿದು ನಿಲ್ಲುವಂತಿಲ್ಲ. ಹೊಳೆ ಒಳಬರುವ ತಲೆಯಲ್ಲಿ ಇಳಿಯಬೇಕು, ಒಂದು ಎಸೆತ, ಎರಡು ಹೆಜ್ಜೆ, ಮತ್ತೆ ಒಂದು ಎಸೆತ, ಎರಡು ಹೆಜ್ಜೆ. ಹೀಗೆ ಬಾಲದವರೆಗೆ ಹೋಗಿ ದಡ ಹತ್ತಿ, ಸಾಲಿನ ಕೊನೆಗೆ ಬಂದು ಸೇರಬೇಕು. ಗಾಳದ ಹುಳ ಕಳೆದುಕೊಂಡವರು ಇನ್ನೊಂದು ಕಟ್ಟಿಕೊಳ್ಳಲು ನೀರಲ್ಲೇ ನಿಲ್ಲಬಹುದು. ಆದರೆ ಹಿಂದಿನವರ ಗಾಳದ ಕೋಲು ಬೆನ್ನಿಗೆ ತಾಗುವಷ್ಟು ಹತ್ತಿರ ಬಂದರೆ ಮುಗಿಯಿತು, ದಡ ಹತ್ತಲೇಬೇಕು. ಬರಿದಾರ ಬೀಸುತ್ತ ಮುಂದೆ ಹೋಗುವ ಹಾಗಿಲ್ಲ. ಅವರವರ ಗಂಟು ಅವರವರೇ ಕಟ್ಟಬೇಕು. ಇದೆಲ್ಲ ಎಲ್ಲೂ ಬರೆದಿಟ್ಟಿಲ್ಲ, ಹಾಗಾಗಿಯೇ ಯಾರೂ ಮೀರುವುದಿಲ್ಲ.

ಮಳೆ ಹಿಡಿದು, ಹೊಳೆ ಕೆಂಪಾಗಿ, ಮತ್ತೆ ತಿಳಿಯಾಗುವವರೆಗೆ ಕಾದೆವು. ಅಷ್ಟು ದಿನವೂ ನಾನು ಅಡುಗೆಮನೆಯ ಮೇಜಿನ ಮೇಲೆ ಅವನಿಗಾಗಿ ಹುಳ ಸುತ್ತಿದೆ. ಕಿತ್ತಳೆ ನೂಲಿನ ಮೈ, ಮೇಲೆ ಕೋಳಿಯ ಕಂದುಗರಿ.

“ಅಣ್ಣ, ಒಂದು ಕೆಲಸ ಮಾಡ್ಲಾ? ಪ್ರತಿ ಹುಳಕ್ಕೂ ಇಲ್ಲೇ ದಾರ ಕಟ್ಟಿ ಕುಣಿಕೆ ಹಾಕಿಡ್ತೀನಿ. ನೀರಲ್ಲಿ ನೀನು ಸುಮ್ಮನೆ ಸಿಕ್ಕಿಸಿಕೊಂಡ್ರೆ ಆಯ್ತು.”

ಅವನು ನನ್ನನ್ನು ನೋಡಿದ ರೀತಿಗೆ, ಚರ್ಚಿನ ಹುಂಡಿ ಒಡೆಯೋಣವೇ ಎಂದು ನಾನು ಕೇಳಿದೆನೇನೋ ಅನ್ನಿಸಿತು.

“ಗಂಟು ಯಾರದು ಅಂತ ವೆಂಡಲ್ ಕೇಳಿದ್ರೆ ಏನಂತ ಹೇಳ್ಲಿ?”

“ಅವನಿಗೆ ಯಾರು ಹೇಳ್ತಾರೆ?”

“ನನಗೇ ಗೊತ್ತಿರುತ್ತಲ್ಲೇ, ಸಿಗ್ನೆ.”

ಮಡುವಿಗೆ ಹೊರಟ ದಿನ ಬೆಳಗ್ಗೆ ಮೊದಲ ಹುಳವನ್ನು ಅವನೇ ಕಟ್ಟಿದ. ನಾನು ರೊಟ್ಟಿ ಸುಟ್ಟು, ಬೇಕನ್ ಹುರಿದು, ಪಾತ್ರೆ ತೊಳೆದು ಮುಗಿಸಿದರೂ ಅವನು ಕಿಟಕಿಯ ಬೆಳಕಿಗೆ ಕೈಯೊಡ್ಡಿ ಕುಳಿತೇ ಇದ್ದ. ದಾರದ ತುದಿ ಗಾಳದ ಕಣ್ಣಿನ ಆಚೆಗೊಮ್ಮೆ ಈಚೆಗೊಮ್ಮೆ ಹೋಗುತ್ತಿತ್ತೇ ಹೊರತು ಒಳಗೆ ಹೋಗುತ್ತಿರಲಿಲ್ಲ. ನೋಡಲಾಗದೆ ಹೊರಗೆ ಹೋಗಿ ಪಿಕಪ್ಪಿನ ಗಾಜು ಒರೆಸಿದೆ. ಕೊನೆಗೂ ಕಟ್ಟಿಕೊಂಡು ಬಂದ. ಮಡುವಿನ ನಡುವೆ ಅಷ್ಟು ಹೊತ್ತು ಯಾರು ಕೊಡುತ್ತಾರೆ? ಈ ಒಂದು ಹುಳ ಸುತ್ತು ಮುಗಿಯುವವರೆಗೆ ಉಳಿಯಲಿ ದೇವರೇ ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ.

ಮಡುವಿನ ದಡದಲ್ಲಿ ವೆಂಡಲ್ ಆಗಲೇ ಬೆಂಕಿ ಹೊತ್ತಿಸಿದ್ದ. ಅದರ ಪಕ್ಕ ಒಂದು ಮಡಚುವ ಕುರ್ಚಿ, ಕುರ್ಚಿಯ ಮೇಲೆ ಕಂಬಳಿ. ಸೋತು ಬರುವವನಿಗೆ ಆಸನ ಸಿದ್ಧಮಾಡಿ ಇಟ್ಟಿದ್ದ! ನನಗೆ ಪಿತ್ತ ನೆತ್ತಿಗೇರಿತು.

“ಅದು ಯಾರಿಗೆ ವೆಂಡಲ್? ನಿನ್ನ ಮಂಡಿನೋವಿಗಾ?”

“ಯಾರಿಗಾದ್ರೂ ಬೇಕಾಗಬಹುದು ಅಂತ ತಂದೆ,” ಎಂದು ಅವನು ಬೇರೆ ಕಡೆ ನೋಡಿದ.

ಹಾಲ್ವರ್ ಕುರ್ಚಿಯತ್ತ ಕಣ್ಣೂ ಹಾಯಿಸಲಿಲ್ಲ. ಎದೆಯವರೆಗಿನ ರಬ್ಬರ್ ಉಡುಪಿನ ಪಟ್ಟಿ ಬಿಗಿದುಕೊಂಡು ತಲೆಯಲ್ಲಿ ಇಳಿದ. ಹತ್ತೆಸೆತ ಬಿಟ್ಟು ಅವನ ಹಿಂದೆ ನಾನು. ನನ್ನ ಹಿಂದೆ ವೆಂಡಲ್, ಅವನ ಹಿಂದೆ ಟೊಯ್ವೊ.

“ಉಫ್, ಮಂಜುಗಡ್ಡೆ!” ಎಂದೆ ನಾನು.

“ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು, ನಡಿಯಮ್ಮಾ!” ಎಂದು ಟೊಯ್ವೊ ಹಿಂದಿನಿಂದ ಕೂಗಿದ. ಮಡುವಿನಲ್ಲಿದ್ದ ಅಷ್ಟೂ ಮೀನಿಗೆ ಕೇಳಿಸಿರಬೇಕು.

ಹಾಲ್ವರ್ ದಾರ ಬೀಸುವುದನ್ನು ನೀವು ನೋಡಬೇಕು. ಸಣ್ಣ ಕೆಲಸಕ್ಕೆ ಕುಣಿಯುವ ಆ ಕೈ, ತೋಳೆತ್ತಿ ಕೋಲು ಬೀಸಿದರೆ ಎಲ್ಲವನ್ನೂ ಮರೆತುಬಿಡುತ್ತದೆ. ದಾರ ಹಿಂದಕ್ಕೆ ಬಿಚ್ಚಿಕೊಂಡು, ಒಂದು ಕ್ಷಣ ಗಾಳಿಯಲ್ಲಿ ನಿಂತು, ಆಚೆ ದಡದ ಆಲ್ಡರ್ ಮರಗಳ ನೆರಳಿಗೆ ಹೋಗಿ ಮೆತ್ತಗೆ ಮಲಗುತ್ತಿತ್ತು. ಎರಡು ಹೆಜ್ಜೆ. ಮತ್ತೆ ಎಸೆತ. ನಮ್ಮ ಕಾಲಿನ ಪಕ್ಕದಲ್ಲೇ ಸಾಲ್ಮನ್‌ಗಳು ಮೇಲಕ್ಕೆ ಹೋಗುತ್ತಿದ್ದವು. ಮೈಮೇಲೆ ನೇರಳೆ ಪಟ್ಟೆ, ಬಾಯಲ್ಲಿ ನಾಯಿಯಂಥ ಕೋರೆಹಲ್ಲು, ಬೆನ್ನಿನ ರೆಕ್ಕೆ ನೀರಿಂದ ಹೊರಗೆ. ಒಂದು ನನ್ನ ಮೊಣಕಾಲಿಗೆ ಗುದ್ದಿ, ತಪ್ಪು ನನ್ನದೇ ಎನ್ನುವಂತೆ ನೀರು ರಾಚಿ ಹೋಯಿತು.

ಅರ್ಧ ಮಡು ಹೀಗೇ ಕಳೆಯಿತು. ಮೀನೊಂದೂ ಮುಟ್ಟಲಿಲ್ಲ, ಮುಟ್ಟದಿದ್ದರೂ ಅಡ್ಡಿಯಿಲ್ಲ ಎನ್ನಿಸಿತ್ತು ನನಗೆ. ಅಷ್ಟರಲ್ಲಿ ಹಾಲ್ವರ್‌ನ ಕೋಲು ಬಾಗಿತು.

“ಸಿಕ್ತು!” ಎಂದು ಕಿರುಚಿದೆ.

“ಇಲ್ಲ,” ಎಂದ ಅವನು.

ದಾರದ ತುದಿಯಲ್ಲಿ ದೊಡ್ಡದೊಂದು ಗಂಡು ಸಾಲ್ಮನ್ ಎದ್ದು ಬಿತ್ತು. ಹುಳ ಅದರ ಬಾಯಿಗಲ್ಲ, ಬೆನ್ನಿನ ರೆಕ್ಕೆಗೆ ಸಿಕ್ಕಿಕೊಂಡಿತ್ತು. ಮೇಲೆ ಹೋಗುತ್ತಿರುವ ಮೀನಿನ ಸಾಲಿಗೆ ತೀರಾ ಹತ್ತಿರ ಎಸೆದರೆ ಹೀಗಾಗುತ್ತದೆ. ನಮ್ಮಲ್ಲಿ ಎಲ್ಲರಿಂದಲೂ ಆಗಿರುವ ತಪ್ಪೇ. ಹೀಗಾದಾಗ ಮಾಡುವುದು ಒಂದೇ. ಮೊಟ್ಟೆಯಿಡಲು ಹೊರಟ ಮೀನನ್ನು ಆಡಿಸಿ ದಣಿಸಬಾರದು. ಕೋಲನ್ನು ಅದರ ನೇರಕ್ಕೆ ಹಿಡಿದು, ದಾರ ಬಿಡದೆ ನಿಂತರೆ ತುದಿಯ ಎಳೆ ಕಡಿದುಹೋಗುತ್ತದೆ.

ಕಡಿದರೆ ಹುಳ ಹೋಯಿತು. ಹುಳ ಹೋದರೆ ಗಂಟು. ನೀರಲ್ಲಿ ನಿಂತ ನಾಲ್ವರಿಗೂ ಅದು ಗೊತ್ತಿತ್ತು. ಆ ಸಾಲ್ಮನ್ನನ್ನು ದಡದತ್ತ ಎಳೆದು ಹುಳ ಬಿಡಿಸಿಕೊಳ್ಳಲು ನೋಡಿದ್ದರೆ ನಾನಂತೂ ತಪ್ಪೆನ್ನುತ್ತಿರಲಿಲ್ಲ. ಹಾಲ್ವರ್ ಒಂದು ಗಳಿಗೆಯೂ ಯೋಚಿಸಲಿಲ್ಲ. ಕೋಲು ನೇರಮಾಡಿದ, ದಾರ ಬಿಗಿಹಿಡಿದ, ಪಟ್ ಎಂದು ಕಡಿಯಿತು.

“ಸರಿಯಾಗಿ ಮಾಡಿದೆ ಹಾಲ್ವರ್!” ಎಂದ ವೆಂಡಲ್. ಆಮೇಲೆ, ಮಗುವಿಗೆ ಹೇಳುವ ದನಿಯಲ್ಲಿ, “ಬಾ ಮತ್ತೆ. ಬೆಂಕಿ ಚೆನ್ನಾಗಿ ಹತ್ತಿದೆ. ಬಂದು ಕೂತ್ಕೋ.”

ಹಾಲ್ವರ್ ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಟೋಪಿಗೆ ಚುಚ್ಚಿಟ್ಟಿದ್ದ ಎರಡು ಹುಳಗಳಲ್ಲಿ ಒಂದನ್ನು ಕಿತ್ತ. ಕೈ ಶುರುವಾಯಿತು. ದಾರದ ತುದಿ ಎಲ್ಲೋ, ಗಾಳದ ಕಣ್ಣೆಲ್ಲೋ.

ಆಗ ನನಗೊಂದು ವಿಷಯ ಹೊಳೆಯಿತು. ಅವನ ಹಿಂದೆ ಇರುವುದು ನಾನು. ಅವನು ನಿಂತಿದ್ದಾನೆ, ನಾನು ನಡೆಯಬೇಕು. ನನ್ನ ಒಂದೊಂದು ಎಸೆತವೂ ಅವನನ್ನು ಎರಡು ಹೆಜ್ಜೆ ದಡಕ್ಕೆ ತಳ್ಳುತ್ತದೆ. ನಿಲ್ಲೋಣವೆಂದರೆ ಹಿಂದೆ ವೆಂಡಲ್. ಅತ್ತ ದರಿ, ಇತ್ತ ಪುಲಿ.

ನಿಧಾನ ಮಾಡಿದೆ. ದಾರವನ್ನು ಬೇಕಂತಲೇ ಸಿಕ್ಕು ಮಾಡಿಕೊಂಡೆ, ಬಿಡಿಸಿದೆ. ಎಸೆದ ಹುಳ ಪೂರ್ತಿ ಕೆಳಗೆ ತೇಲಿ ಬಂದ ಮೇಲೂ ಏನೋ ಕಾಯುವವಳಂತೆ ನಿಂತೆ. ಮೂಗು ಒರೆಸಿಕೊಂಡೆ.

“ಸಿಗ್ನೆ!” ಎಂದ ಹಾಲ್ವರ್, ತಿರುಗದೆ. “ನಾಟಕ ಸಾಕು. ನಡಿ.”

“ದಾರ ಸಿಕ್ಕಾಗಿದೆ ಕಣೋ ಅಣ್ಣ!”

“ಹುಟ್ಟಿದಾಗಿಂದ ನಿನ್ನ ದಾರ ಸಿಕ್ಕಾಗಿದ್ದು ನಾನು ನೋಡಿಲ್ಲ. ನಡೀ ಅಂದ್ನಲ್ಲ. ನೀನು ನನಗೆ ಭಿಕ್ಷೆ ಹಾಕಿದ್ರೆ, ಗೆದ್ರೂ ನಾನು ಆ ಕುರ್ಚೀಲೇ ಕೂತ ಹಾಗೆ.”

ಕಣ್ಣಲ್ಲಿ ನೀರು ಬಂತು. ಸಿಟ್ಟೂ ಬಂತು, ಯಾರ ಮೇಲೆಂದು ತಿಳಿಯದು. ಎಸೆದೆ, ನಡೆದೆ. ಮತ್ತೆ ಎಸೆದೆ, ನಡೆದೆ.

ಅವನ ಕೈಯಿಂದ ಹುಳ ಜಾರಿ ನೀರಿಗೆ ಬಿತ್ತು, ತೇಲಿಹೋಯಿತು. ಟೋಪಿಯಲ್ಲಿ ಉಳಿದದ್ದು ಒಂದೇ, ಮಿಕ್ಕವೆಲ್ಲ ಪಿಕಪ್ಪಿನಲ್ಲಿದ್ದವು. ಅದನ್ನವನು ಮುಟ್ಟಲಿಲ್ಲ. ಅದರ ಬದಲು ವಿಚಿತ್ರವಾದದ್ದೊಂದು ಮಾಡಿದ. ಅಂಗಿಯ ತೋಳುಗಳನ್ನು ಹೇಗೋ ಮೇಲಕ್ಕೆಳೆದುಕೊಂಡು, ಎರಡೂ ಕೈಗಳನ್ನು ಮೊಣಕೈ ಮುಳುಗುವವರೆಗೆ ನೀರಲ್ಲಿಟ್ಟು ಸುಮ್ಮನೆ ನಿಂತುಬಿಟ್ಟ.

“ಏನ್ ಮಾಡ್ತಿದಾನೆ ಅವನು?” ಎಂದ ವೆಂಡಲ್.

“ಮೀನನ್ನ ಕೈಯಲ್ಲೇ ಹಿಡೀತಾನಂತೆ!” ಎಂದ ಟೊಯ್ವೊ.

“ತಮಾಷೆ ಬೇಡ ಟೊಯ್ವೊ. ಹಾಲ್ವರ್! ಕೈ ಮರಗಟ್ಟುತ್ತೆ ಕಣೋ! ಕಳೆದುಹೋಗಿದ್ದು ಹೋಗ್ಲಿ, ಹುಡುಕಬೇಡ! ಹೊರಗೆ ಬಾ!”

ಅವನು ಅಲುಗಲಿಲ್ಲ. ಬೆಟ್ಟದ ಮಂಜು ಕರಗಿ ಬಂದ ನೀರು ಅದು. ಅದರಲ್ಲಿ ಕೈಯಿಟ್ಟರೆ ಮೊದಲು ಉರಿ, ಆಮೇಲೆ ಮೂಳೆಯೊಳಗೆ ನೋವು. ನಾನು ಎಸೆದೆ, ನಡೆದೆ. ಎಸೆದೆ, ನಡೆದೆ. ಅವನ ಮುಖ ಬಿಳಿಚಿಕೊಳ್ಳುತ್ತಿರುವುದು ಪಕ್ಕದಿಂದ ಕಾಣುತ್ತಿತ್ತು. ತುಟಿ ನೀಲಿಯಾಗಿತ್ತು. ಸೋಲು ಒಪ್ಪಲಾಗದೆ ಇವನಿಗೆ ತಲೆಕೆಟ್ಟಿತೇ ಎಂದು ಹೆದರಿದೆ. ಹಿಂದೆ ವೆಂಡಲ್ ಈಗ ಕೂಗುತ್ತಿರಲಿಲ್ಲ, ಬೇಡಿಕೊಳ್ಳುತ್ತಿದ್ದ.

“ಸಿಗ್ನೆ, ನೀನಾದ್ರೂ ಹೇಳೇ. ನಂದೇ ತಪ್ಪು, ಆ ಪಂಥ ನಾನು ಒಪ್ಪಬಾರದಿತ್ತು.”

“ನೀನು ಬಾಯಿ ಮುಚ್ಕೊಂಡಿರು ವೆಂಡಲ್!” ಎಂದೆ. ಬಸ್ಸಿನ ಕೊನೆಯ ಸೀಟಿನವರೆಗೆ ತಲುಪುತ್ತಿದ್ದ ಗಂಟಲು ಅದು. ವೆಂಡಲ್ ಬಾಯಿ ಮುಚ್ಚಿದ.

ಇನ್ನು ಮೂರು ಎಸೆತಕ್ಕೆ ನನ್ನ ಕೋಲು ಅವನ ಬೆನ್ನು ಮುಟ್ಟುತ್ತಿತ್ತು. ಆಗ ಹಾಲ್ವರ್ ಕೈ ಹೊರತೆಗೆದ.

ಬೇಯಿಸಿದ ಏಡಿಯ ಹಾಗೆ ಕೆಂಪಾಗಿದ್ದವು. ಆದರೆ ನಡುಗುತ್ತಿರಲಿಲ್ಲ. ಟೋಪಿಯಿಂದ ಕೊನೆಯ ಹುಳ ಕಿತ್ತ, ಕೈ ನಡುಗಲಿಲ್ಲ. ದಾರದ ತುದಿ ಹಿಡಿದ, ನಡುಗಲಿಲ್ಲ. ಮೂರು ವರ್ಷದಿಂದ ನಾನು ನೋಡಿರದ ಕೈ ಅದು, ದೋಣಿಯ ಹಲಗೆ ಜೋಡಿಸುತ್ತಿದ್ದ ಕೈ. ನಾನು ಎಸೆದೆ. ನನ್ನ ಹುಳ ಎಲ್ಲಿ ಬಿತ್ತೋ ದೇವರಿಗೇ ಗೊತ್ತು. ಎರಡು ಹೆಜ್ಜೆ ನಡೆದೆ. ಅವನು ದಾರವನ್ನು ಗಾಳದ ಕಣ್ಣಿನೊಳಗೆ ತೂರಿಸಿದ, ಮೊದಲ ಸಲಕ್ಕೇ. ಮತ್ತೆ ಎಸೆದೆ, ನಡೆದೆ. ಅವನು ಸುತ್ತು ಹಾಕುತ್ತಿದ್ದ, ಅವಸರವಿಲ್ಲದೆ. ತುದಿಯನ್ನು ಕುಣಿಕೆಯೊಳಗೆ ತೂರಿಸಿ, ಎಂಜಲು ಹಚ್ಚಿ, ಎಳೆದು ಬಿಗಿಮಾಡಿದ. ಉಳಿದ ತುದಿಯನ್ನು ಹಲ್ಲಲ್ಲಿ ಕಚ್ಚಿ ಉಗಿದ.

ಕೊನೆಯ ಎಸೆತ ನನ್ನ ಕೈಯಲ್ಲಿತ್ತು. ಎಸೆದೆ. ಅದು ತೇಲಿ ಕೆಳಗೆ ಬರುವಷ್ಟರಲ್ಲಿ ಹಾಲ್ವರ್‌ನ ದಾರ ನನ್ನ ಕಣ್ಣೆದುರು ಗಾಳಿಗೇರಿ, ಬಿಚ್ಚಿಕೊಂಡು, ಆಚೆ ನೆರಳಿಗೆ ಬಿತ್ತು. ಅವನು ಎರಡು ಹೆಜ್ಜೆ ನಡೆದ.

“ಹೋಯ್!” ಎಂದು ಟೊಯ್ವೊ ಅರಚಿದ. ಕಾಡಿನಲ್ಲಿ ಮರ ಉರುಳುವಾಗ ಅರಚುತ್ತಾರಲ್ಲ, ಅಂಥದ್ದು. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ಹೇಳಲಾರೆ.

ಅಲ್ಲಿಗೇ ಮುಗಿದಿದ್ದರೂ ನನಗೆ ಸಾಕಿತ್ತು. ಹಾಲ್ವರ್‌ಗೆ ಸಾಕಾಗಲಿಲ್ಲ. ಕೈ ಮಾತು ಕೇಳುವಷ್ಟು ಹೊತ್ತು ಮೀನು ಹಿಡಿಯಲೇಬೇಕೆಂದು ಹೊರಟವನಂತೆ ಒಂದೊಂದು ಎಸೆತವನ್ನೂ ಇನ್ನಷ್ಟು ನೀಟಾಗಿ ಹಾಕತೊಡಗಿದ. ಮಡುವಿನ ಬಾಲದಲ್ಲಿ ನೀರು ತೆಳುವಾಗಿ, ತಳದ ಜಲ್ಲಿ ಕಾಣುತ್ತದೆ. ಅಲ್ಲೊಂದು ಹೆಣ್ಣು ಸಾಲ್ಮನ್ ಅಡ್ಡಬಿದ್ದು ಬಾಲದಿಂದ ಗುಂಡಿ ತೋಡುತ್ತಿತ್ತು. ಮಗ್ಗುಲಲ್ಲಿ ಅದರ ಗಂಡು ಕಾವಲು. ಅವುಗಳ ಮೇಲೆ ದಾರ ಹಾಯಿಸಿದರೆ ಮತ್ತೆ ರೆಕ್ಕೆಗೆ ಸಿಕ್ಕಿಕೊಳ್ಳುವುದು ಖಂಡಿತ. ನಾವು ಯಾರೇ ಆಗಿದ್ದರೂ ಆ ಜಾಗ ಬಿಟ್ಟು ಮುಂದೆ ಹೋಗುತ್ತಿದ್ದೆವು. ಇನ್ನು ಕೆಲವೇ ಹೆಜ್ಜೆ. ಹಾಲ್ವರ್ ಕೂಡ ಅದನ್ನು ಬಿಟ್ಟಿದ್ದರೆ ಪಂಥ ಕಿಸೆಯಲ್ಲಿತ್ತು. ಆ ಹುಳವೂ ಹೋದರೆ ಕಟ್ಟಲು ಇನ್ನೊಂದಿರಲಿಲ್ಲ.

“ಬಿಟ್ಬಿಡೋ ಅಣ್ಣ, ಅದನ್ನ ಬಿಟ್ಬಿಡು,” ಎಂದು ಗೊಣಗಿದೆ.

ಅವನು ದಾರವನ್ನು ಸಾಲ್ಮನ್‌ಗಳಿಂದ ಮೇಲಕ್ಕೆ, ಗಿಡ್ಡವಾಗಿ ಹಾಕಿದ. ಕೋಲೆತ್ತಿ ದಾರವನ್ನು ನೀರಿಂದ ಬಿಡಿಸಿ ಹಿಡಿದು, ಹುಳ ಮಾತ್ರ ಗುಂಡಿಯ ಅಂಚು ದಾಟಿ ಹೋಗುವಂತೆ ತೇಲಿಬಿಟ್ಟ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಅದು ಎರಡು ಮೀನುಗಳ ಬದಿಯಿಂದ ನುಸುಳಿ, ಗುಂಡಿಯ ಕೆಳಗಿನ ಕಪ್ಪುನೀರಿಗೆ ಇಳಿಯಿತು. ಉರುಳಿಬಂದ ಮೊಟ್ಟೆ ಇಳಿಯುವುದು ಹಾಗೆಯೇ.

ನೀರು ಉಬ್ಬಿತು. ಕೋಲು ಬಾಗಿತು.

ಈ ಸಲ ಯಾರೂ “ಸಿಕ್ತು” ಎನ್ನಲಿಲ್ಲ. ಮೀನು ತಾನೇ ಹಾರಿ ತೋರಿಸಿತು. ಹೊಸ ತಗಡಿನಂತೆ ಬೆಳ್ಳಗೆ, ಮೈತುಂಬ ಸಣ್ಣ ಚುಕ್ಕೆ, ಕೊರಳಲ್ಲಿ ಎರಡು ಕೆಂಪು ಗೀರು. ಹಾರಿ ಬಿದ್ದದ್ದೇ ಆಲ್ಡರ್ ಬೇರುಗಳತ್ತ ಓಡಿತು. ಹಾಲ್ವರ್ ಕೋಲನ್ನು ಅಡ್ಡ ಮಲಗಿಸಿ ಅದನ್ನು ತಿರುಗಿಸಿದ. ಅದು ಸಾಲ್ಮನ್‌ಗಳ ನಡುವೆ ನುಗ್ಗಿತು, ಅವು ನೀರು ಚಿಮ್ಮಿಸಿ ಚದುರಿದವು. ರೀಲು ಕಿರುಗುಟ್ಟಿತು. ನಾನು ನನ್ನ ದಾರ ಸುತ್ತಿಕೊಂಡು, ಪಕ್ಕಕ್ಕೆ ಸರಿದು, ಬಾಯಿಗೆ ಬಂದದ್ದೆಲ್ಲ ಕೂಗುತ್ತಿದ್ದೆ.

“ಬಿಡಬೇಡ! ಬಿಡು, ಬಿಡು ಸ್ವಲ್ಪ! ಎಳೀ ಈಗ!”

“ಸಿಗ್ನೆ,” ಎಂದ ಅವನು ಶಾಂತವಾಗಿ, “ಮೀನು ಹಿಡೀತಿರೋದು ನಾನು.”

ಹಿಂದೆ ಪಟಪಟ ಸದ್ದಾಯಿತು. ತಿರುಗಿ ನೋಡಿದರೆ, ಬಾಯಿ ತೆರೆದುಕೊಂಡು ಹಾಲ್ವರ್‌ನನ್ನೇ ನೋಡುತ್ತಿದ್ದ ವೆಂಡಲ್ ತನ್ನ ದಾರವನ್ನು ಕೊಂಡೊಯ್ದು ಹಿಂದಿನ ಮರದ ಕೊಂಬೆಗೆ ಸುತ್ತಿದ್ದ. ಟೊಯ್ವೊ ಅವನ ಬೆನ್ನಿಗೆ ಕೋಲಿನ ತುದಿಯಿಂದ ತಿವಿಯುತ್ತಿದ್ದ.

“ಕ್ಯಾಪ್ಟನ್! ಬೆನ್ನಿಗೆ ಕೋಲು ತಾಗ್ತಾ ಇದೆ! ನಡಿ, ಇಲ್ಲ ದಡ ಹತ್ತು! ನಿಯಮ ಅಂದ್ರೆ ನಿಯಮ!”

“ಮೀನು ಸಿಕ್ಕಾಗ ಎಲ್ಲರೂ ನಿಲ್ಲಬೇಕು ಕಣೋ!”

“ಮೀನು ಸಿಕ್ಕಿದ್ದು ಅವನಿಗೆ. ನಿನಗೆ ಸಿಕ್ಕಿದ್ದು ಮರ!”

ವೆಂಡಲ್ ದಾರ ಬಿಡಿಸಿಕೊಳ್ಳಲು ದಡ ಹತ್ತಿದ.

ಹಾಲ್ವರ್ ಮೀನನ್ನು ತೆಳುನೀರಿಗೆ ತಂದು, ಮಂಡಿಯೂರಿ, ಒದ್ದೆ ಕೈಯನ್ನು ಹೊಟ್ಟೆಯಡಿ ಇಟ್ಟು ಹಿಡಿದ. ಮೊಣಕೈಯಿಂದ ಬೆರಳ ತುದಿ ದಾಟಿತ್ತು ಅದು. ನಾವು ಯಾರೂ ಆ ಹೊಳೆಯಲ್ಲಿ ಅಂಥ ಕೆಂಗೊರಳನ್ನು ಕಂಡವರಲ್ಲ. ಹುಳ ಬಾಯಿಯ ಮೂಲೆಯಲ್ಲಿತ್ತು. ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ತಿರುವಿದ, ಬಂತು. ಮೀನು ಒಂದು ಕ್ಷಣ ಅವನ ಅಂಗೈಯಲ್ಲೇ ನಿಂತು ಉಸಿರಾಡಿತು. ಆ ಕ್ಷಣದಲ್ಲಿ ನನ್ನಣ್ಣನ ಮುಖದಲ್ಲಿದ್ದ ಸಂತೋಷವನ್ನು ನಾನು ಅವನ ಮದುವೆಯ ದಿನವೂ ಕಂಡಿರಲಿಲ್ಲ. ಅತ್ತಿಗೆ ಮೇಲಿಂದ ಕೇಳಿಸಿಕೊಂಡರೂ ಪರವಾಗಿಲ್ಲ. ಬಾಲ ಬಡಿದು ಮೀನು ಹೋಯಿತು.

ಎದ್ದ. ಇನ್ನೂ ಕೆಲವು ಹೆಜ್ಜೆ ಬಾಕಿಯಿತ್ತು. ಜಗಿದು ಚಿಂದಿಯಾದ ಹುಳವನ್ನೇ ಎಸೆದ, ನಡೆದ, ಎಸೆದ, ನಡೆದ, ಕೊನೆಯ ಬಂಡೆ ದಾಟಿ ದಡ ಹತ್ತಿದ. ಒಂದು ಸುತ್ತು, ತಲೆಯಿಂದ ಬಾಲದವರೆಗೆ. ಟೊಯ್ವೊ ಕೋಲನ್ನು ಕಂಕುಳಲ್ಲಿಟ್ಟುಕೊಂಡು ಚಪ್ಪಾಳೆ ತಟ್ಟಿದ. ನಾನು ನೀರಿಂದೆದ್ದು ಓಡಿಹೋಗಿ ಅವನನ್ನು ತಬ್ಬಿಕೊಂಡೆ. ರಬ್ಬರ್ ಉಡುಪಿನಲ್ಲಿ ಇಬ್ಬರು ಮುದುಕರು ತಬ್ಬಿಕೊಳ್ಳುವುದು ನೋಡಲು ಚೆಂದವೇನಲ್ಲ.

“ಆ ಕೈ... ಅದು ಹೇಗೋ?”

“ಹೋದ ಚಳಿಗಾಲ ನೀನು ಅಡುಗೆಗೆ ತಂದ ಸಿಂಪಿ ತೊಳೆದುಕೊಡ್ತಿದ್ನಲ್ಲ, ಆವಾಗ ಗೊತ್ತಾಯ್ತು. ತಣ್ಣೀರಲ್ಲಿ ಚೆನ್ನಾಗಿ ಮರಗಟ್ಟಿದ್ರೆ ಸ್ವಲ್ಪ ಹೊತ್ತು ಸುಮ್ಮನಿರುತ್ತೆ.”

“ಮತ್ತೆ ನನಗ್ಯಾಕೆ ಹೇಳಲಿಲ್ಲ? ನಾನಿಲ್ಲಿ ಅರ್ಧ ಸತ್ತೆ!”

“ಹೇಳಿದ್ರೆ ಮನೇಲಿ ದಿನಾ ಮಂಜುಗಡ್ಡೆ ಬಕೆಟ್ ಹಿಡ್ಕೊಂಡು ನನ್ನ ಹಿಂದೆ ಓಡಾಡ್ತಿದ್ದೆ.”

ಅದು ನಿಜ. ಹಾಗಾಗಿ ಬೈಯಲಿಲ್ಲ.

ಬೆಂಕಿಯ ಹತ್ತಿರ ವೆಂಡಲ್ ನಿಂತಿದ್ದ. ಕುರ್ಚಿ ಮಡಚಿ ಮರಕ್ಕೆ ಒರಗಿಸಿ ಇಟ್ಟಿದ್ದ. ಬೋಗುಣಿಯಿಂದ ಕಾಫಿ ಬಗ್ಗಿಸಿ ಹಾಲ್ವರ್‌ಗೆ ಕೊಟ್ಟ. ಹಾಲ್ವರ್ ಕಪ್ಪು ಹಿಡಿದ. ಬೆಂಕಿಯ ಕಾವಿಗೆ ಬೆರಳುಗಳಿಗೆ ಜೀವ ಬಂದಿತ್ತು. ಜೀವದ ಜೊತೆ ನಡುಕವೂ ವಾಪಸ್ಸು. ಕಾಫಿ ತುಳುಕಿ ಮುಂಗೈ ಮೇಲೆ, ಬೂಟಿನ ಮೇಲೆ ಚೆಲ್ಲಿತು. ವೆಂಡಲ್ ಕಣ್ಣು ತಗ್ಗಿಸಿದ.

ಹಾಲ್ವರ್ ಕಪ್ಪನ್ನು ನನ್ನತ್ತ ಚಾಚಿದ.

“ಹಿಡ್ಕೊಳೇ,” ಎಂದ. “ಕುಡಿಸು.”

ಮನೆಯಲ್ಲಿ, ಬಾಗಿಲು ಹಾಕಿದ ಮೇಲೂ, ಅವನು ಇದನ್ನು ಒಮ್ಮೆಯೂ ಕೇಳಿರಲಿಲ್ಲ. ಗಡ್ಡ ಕೆರೆಯುವಾಗ ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದ. ಈಗ ಎಲ್ಲರ ಎದುರಿಗೆ, ತಲೆಯೆತ್ತಿ, ನಾನು ಹಿಡಿದ ಕಪ್ಪಿನಿಂದ ಗುಟುಕು ಗುಟುಕಾಗಿ ಕುಡಿದ. ಕುಡಿಯುತ್ತಲೇ ವೆಂಡಲ್‌ನ ಮುಖ ನೋಡುತ್ತಿದ್ದ. ಪೂರ್ತಿ ಖಾಲಿಮಾಡಿ, ಮೀಸೆ ಒರೆಸಿಕೊಂಡ.

“ತೀರಾ ಕಹಿ ವೆಂಡಲ್, ಬಾಯಿಗಿಡೋ ಹಾಗಿಲ್ಲ,” ಎಂದ. “ಕಾಫಿ ಕಾಯಿಸೋಕೆ ಬೇರೆ ಯಾರನ್ನಾದ್ರೂ ನೋಡ್ಕೋ. ನನಗಂತೂ ಪುರುಸೊತ್ತಿಲ್ಲ.”

ಕೋಲೆತ್ತಿಕೊಂಡು ಮಡುವಿನ ತಲೆಯತ್ತ ಹೊರಟ. ವೆಂಡಲ್ ತನ್ನ ಕೋಲು ಹುಡುಕಿಕೊಂಡು ಹೋಗಿ, ಅವನ ಹಿಂದೆ ಸಾಲಿನಲ್ಲಿ ನಿಂತ.